ಸಬ್‌ವೇ ಸರ್ಫರ್ಸ್ ಹುಡುಗ ನಿಜವಾಗಿ ಸತ್ತಿದ್ದನೇ?

ಈ ಲೇಖನ ಒಂದು ಮೊಬೈಲ್ ಆಟದ ಬಗ್ಗೆ. ಆದರೆ ಇದನ್ನು ಬರೆಯಬೇಕು ಅನಿಸಿದ್ದು ನಮ್ಮ ದಾದಿ ಅತ್ತಿದ್ದರಿಂದ.

ಕಳೆದ ಬೇಸಿಗೆ ರಜೆಯ ಒಂದು ಸಂಜೆ. ದಾದಿ ಮಗ್ರಿಬ್ ನಮಾಜ್ ಮುಗಿಸಿ ತಸ್ಬೀಹ್ ಹಿಡಿದು ಮಂಚದ ಮೇಲೆ ಕುಳಿತಿದ್ದರು. ಏಳನೇ ತರಗತಿ ಓದುವ ನನ್ನ ತಮ್ಮ ಅಮ್ಮಿಯ ಮೊಬೈಲ್ ಹಿಡಿದುಕೊಂಡು ಬಂದು, "ದಾದಿ, ಈ ಆಟ ಮಾಡಿದವನ ಮಗ ರೈಲಿಗೆ ಸಿಕ್ಕಿ ಸತ್ತುಹೋಗಿದ್ದನಂತೆ. ಮಗ ಯಾವತ್ತೂ ಓಡುತ್ತಲೇ ಇರಲಿ ಅಂತ ಅವನ ಅಬ್ಬು ಈ ಆಟ ಮಾಡಿದರಂತೆ" ಎಂದ. ದಾದಿ ಪರದೆಯ ಮೇಲೆ ಓಡುತ್ತಿದ್ದ ಹುಡುಗನನ್ನು ನೋಡಿದರು. ಕಣ್ಣು ತುಂಬಿಕೊಂಡವು. ಸೆರಗಿನಿಂದ ಒರೆಸಿಕೊಂಡು ಕೈ ಎತ್ತಿ ಆ ಹುಡುಗನಿಗಾಗಿ ದುಆ ಮಾಡಿದರು. ಅವತ್ತು ನನಗೂ ಗಂಟಲು ಕಟ್ಟಿತ್ತು, ಸುಳ್ಳು ಯಾಕೆ ಹೇಳಲಿ?

ಆಟದ ಹೆಸರು ಸಬ್‌ವೇ ಸರ್ಫರ್ಸ್. ನಮ್ಮಲ್ಲಿ ಇದನ್ನು ಆಡದವರು ಕಡಿಮೆ. ಆದರೂ ನಮ್ಮ ಲೆಕ್ಚರರ್‌ಗಳಿಗಾಗಿ ಎರಡು ಮಾತು ಹೇಳುತ್ತೇನೆ. ಜೇಕ್ ಎಂಬ ಹುಡುಗ ನಿಂತ ರೈಲಿನ ಮೇಲೆ ಬಣ್ಣದ ಡಬ್ಬಿಯಿಂದ ಚಿತ್ರ ಬರೆಯುತ್ತಿರುತ್ತಾನೆ. ಕಾವಲುಗಾರ ನಾಯಿಯೊಂದಿಗೆ ಅಟ್ಟಿಸಿಕೊಂಡು ಬರುತ್ತಾನೆ. ಜೇಕ್ ಮೂರು ಸಾಲು ಹಳಿಗಳ ಮೇಲೆ ಓಡುತ್ತಾನೆ. ನಾವು ಬೆರಳಿನಿಂದ ಅವನನ್ನು ಎಡಕ್ಕೆ, ಬಲಕ್ಕೆ ಸರಿಸಬೇಕು, ಎಗರಿಸಬೇಕು, ತಡೆಗಂಬದ ಕೆಳಗೆ ಉರುಳಿಸಬೇಕು. ಹೋದಂತೆ ವೇಗ ಹೆಚ್ಚುತ್ತದೆ. ಎದುರಿನ ರೈಲಿಗೆ ಡಿಕ್ಕಿ ಹೊಡೆದರೆ ಆಟ ಮುಗಿಯಿತು. ಗೆಲುವು ಎಂಬುದು ಇಲ್ಲವೇ ಇಲ್ಲ. ಎಷ್ಟು ದೂರ ಓಡಿದೆ ಎಂಬುದಷ್ಟೇ ಲೆಕ್ಕ.

ತಮ್ಮ ಹೇಳಿದ ಕಥೆ ಅವನು ಕಟ್ಟಿದ್ದಲ್ಲ. ಅದು ಹಲವು ದೇಶಗಳಲ್ಲಿ ಹಲವು ರೂಪಗಳಲ್ಲಿ ಹರಡಿದೆ. ಅವನು ನೋಡಿದ್ದು ಒಂದು ಚಿಕ್ಕ ವಿಡಿಯೊ. ಮೇಲಿನ ಅರ್ಧದಲ್ಲಿ ಬರಹ, ಕೆಳಗಿನ ಅರ್ಧದಲ್ಲಿ ಜೇಕ್ ಓಡುತ್ತಿದ್ದಾನೆ, ಹಿಂದೆ ಪಿಯಾನೊ. ಕಥೆ ಹೇಳುವವರ ದನಿ ಕೂಡ ಮನುಷ್ಯರದ್ದಲ್ಲ, ಕಂಪ್ಯೂಟರಿನದ್ದು. ಯಾವ ಊರು, ಯಾವ ವರ್ಷ, ತಂದೆಯ ಹೆಸರೇನು, ಒಂದೂ ಇಲ್ಲ. ನಾವು ಕಾಮರ್ಸ್‌ನವರು. ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕಬೇಡಿ ಎಂದು ನಮಗೆ ಮೊದಲ ತಿಂಗಳಲ್ಲೇ ಹೇಳಿಕೊಟ್ಟಿದ್ದಾರೆ. ಈ ಕಥೆಗೆ ವೋಚರ್ ಎಲ್ಲಿದೆ ಎಂದು ಹುಡುಕಲು ಕುಳಿತೆ.

ಸಿಕ್ಕಿದ್ದು ಬೇರೆಯೇ ಕಥೆ. ಆಟ ಹುಟ್ಟಿದ್ದು ಡೆನ್ಮಾರ್ಕ್‌ನಲ್ಲಿ. ಅಲ್ಲಿ ವೀಬೋರ್ ಎಂಬ ಊರಿನಲ್ಲಿ ಆ್ಯನಿಮೇಷನ್ ಕಲಿಸುವ ಒಂದು ಶಾಲೆ ಇದೆ. ಸಿಲ್ವೆಸ್ಟರ್ ರಿಶೋಯ್ ಯೆನ್ಸೆನ್ ಮತ್ತು ಬೋಡಿ ಯಾನ್ ಮಲ್ಲಿನರ್ ಎಂಬಿಬ್ಬರು ಅಲ್ಲಿ ಓದುತ್ತಿದ್ದಾಗ ಒಂದು ಕಿರುಚಿತ್ರ ಮಾಡಿದರು. ಅದರಲ್ಲೂ ರೈಲಿನ ಮೇಲೆ ಬಣ್ಣ ಬಳಿಯುವ ಒಬ್ಬ ಹುಡುಗ, ಅವನನ್ನು ಅಟ್ಟಿಸುವ ಕಾವಲುಗಾರ ಇದ್ದರು. ಆಮೇಲೆ ಇಬ್ಬರೂ ಸೇರಿ ಕಂಪನಿ ಶುರು ಮಾಡಿದರು. ಸಿಲ್ವೆಸ್ಟರ್‌ನ 'ಸಿ', ಬೋಡಿಯ 'ಬೋ' ಸೇರಿ ಅದರ ಹೆಸರು ಸಿಬೋ. ಕಿಲೂ ಎಂಬ ಇನ್ನೊಂದು ಡೆನ್ಮಾರ್ಕ್ ಕಂಪನಿಯ ಜೊತೆ ಸೇರಿ ಅವರು 2012ರ ಮೇ ತಿಂಗಳಲ್ಲಿ ಐಫೋನ್‌ಗೆ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ್ಯಂಡ್ರಾಯ್ಡ್‌ಗೆ ಈ ಆಟ ತಂದರು. ಅಂದರೆ ಜೇಕ್ ಹುಟ್ಟಿದ್ದು ಇಬ್ಬರು ವಿದ್ಯಾರ್ಥಿಗಳ ಪ್ರಾಜೆಕ್ಟ್‌ನಿಂದ. ನಮಗೆ ಪ್ರಾಜೆಕ್ಟ್ ಎಂದರೆ ಚಾರ್ಟ್ ಪೇಪರ್ ಮತ್ತು ಬ್ಯಾಂಕ್ ಚಲನ್, ಇರಲಿ.

ಹಾಗಾದರೆ ಸತ್ತ ಮಗನ ಕಥೆಯನ್ನು ಇಷ್ಟು ಜನ ನಂಬಿದ್ದೇಕೆ? ನನಗೆ ಹೊಳೆದ ಉತ್ತರ ಆಟದ ಒಳಗೇ ಇದೆ. ಇಂಥ ಆಟಗಳಿಗೆ ಕೊನೆ ಇಲ್ಲ. ಅಷ್ಟು ಉದ್ದದ ಹಳಿಯನ್ನು ಯಾರೂ ಕೂತು ಬಿಡಿಸಿರುವುದಿಲ್ಲ. ಹಳಿಯ ಚಿಕ್ಕ ಚಿಕ್ಕ ತುಂಡುಗಳನ್ನು ಮೊದಲೇ ಮಾಡಿಟ್ಟಿರುತ್ತಾರೆ. ಒಂದರಲ್ಲಿ ಎರಡು ರೈಲು, ಒಂದರಲ್ಲಿ ಸುರಂಗ, ಇನ್ನೊಂದರಲ್ಲಿ ಇಳಿಜಾರು ಹಲಗೆ. ನಾವು ಓಡುತ್ತಿದ್ದಂತೆ ಫೋನ್ ಮುಂದೆ ಹೊಸ ತುಂಡು ಜೋಡಿಸುತ್ತದೆ, ಹಿಂದಿನದನ್ನು ತೆಗೆದು ಮತ್ತೆ ಬಳಸುತ್ತದೆ. ಮದುವೆ ಮನೆಯಲ್ಲಿ ಎದ್ದವರ ಕುರ್ಚಿಯನ್ನೇ ತಂದು ಮುಂದಿನ ಸಾಲಿಗೆ ಹಾಕುತ್ತಾರಲ್ಲ, ಹಾಗೆ. ಕುರ್ಚಿ ನೂರೇ ಇದ್ದರೂ ಊಟದ ಪಂಕ್ತಿ ನಡೆಯುತ್ತಲೇ ಇರುತ್ತದೆ.

ಆಡುವವನಿಗೆ ಇದು ಕಾಣುವುದಿಲ್ಲ. ಅವನಿಗೆ ಕಾಣುವುದು ಎಂದೂ ನಿಲ್ಲದ ಒಬ್ಬ ಹುಡುಗ. ಡಿಕ್ಕಿಯಾದರೂ ರಕ್ತ ಇಲ್ಲ, ಹೆಣ ಇಲ್ಲ. ಒಂದು ಕೀಲಿ ಕೊಟ್ಟರೆ ಅದೇ ಜಾಗದಿಂದ ಎದ್ದು ಮತ್ತೆ ಓಡುತ್ತಾನೆ. ಎರಡನೇ ಸಲಕ್ಕೆ ಎರಡು ಕೀಲಿ, ಮೂರನೇ ಸಲಕ್ಕೆ ನಾಲ್ಕು, ಆಮೇಲೆ ಎಂಟು. ಹೀಗೇ ದುಪ್ಪಟ್ಟಾಗುತ್ತಾ ಹೋದರೆ ಹತ್ತನೇ ಸಲಕ್ಕೆ 512 ಬೇಕು. ಕೀಲಿ ಆಟದಲ್ಲೂ ಸಿಗುತ್ತದೆ, ದುಡ್ಡು ಕೊಟ್ಟರೂ ಸಿಗುತ್ತದೆ. ಆಟ ಉಚಿತ, ಆದಾಯ ಬರುವುದು ಇಂಥ ಮಾರಾಟದಿಂದ ಮತ್ತು ನಡುವೆ ಬರುವ ಜಾಹೀರಾತಿನಿಂದ. ನಾನು ಇದನ್ನು ವ್ಯಾಪಾರವಾಗಿ ನೋಡುತ್ತೇನೆ. ನನ್ನ ತಮ್ಮ ನೋಡುವುದು ಸತ್ತು ಸತ್ತು ಎದ್ದು ಬರುವ ಹುಡುಗನನ್ನು. ಇವನು ಯಾರು, ಯಾಕೆ ಸಾಯುವುದಿಲ್ಲ ಎಂಬುದಕ್ಕೆ ಆಟ ಉತ್ತರ ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿ ಯಾರೋ ಒಬ್ಬ ತಂದೆಯನ್ನು ತಂದು ಕೂರಿಸಿದರು.

ಇದಕ್ಕಿಂತ ಮೊದಲು ಬಂದ ಟೆಂಪಲ್ ರನ್ ಕೂಡ ಕೊನೆಯಿಲ್ಲದ ಓಟವೇ. ಅದನ್ನು 2011ರಲ್ಲಿ ಅಮೆರಿಕದ ಗಂಡ ಹೆಂಡತಿ, ಕೀತ್ ಶೆಫರ್ಡ್ ಮತ್ತು ನತಾಲಿಯಾ ಲಕ್ಯನೋವಾ, ತಮ್ಮ ಚಿಕ್ಕ ಕಂಪನಿಯಲ್ಲಿ ಮಾಡಿದರು. ಮೊದಲು ಅದಕ್ಕೆ 99 ಸೆಂಟ್ ಬೆಲೆ ಇತ್ತು. ಉಚಿತ ಮಾಡಿದ ಮೇಲೆ ಜನ ಮುಗಿಬಿದ್ದರು. ಅದರಲ್ಲಿ ಹುಡುಗ ಗುಡಿಯಿಂದ ಮೂರ್ತಿ ಕದ್ದು ಓಡುತ್ತಾನೆ, ಹಿಂದೆ ಭಯಂಕರ ಕೋತಿಗಳು. ನನ್ನ ಖಾಲಾನ ಮಗ ಹತ್ತು ಲಕ್ಷ ಅಂಕ ದಾಟಿದರೆ ಊರಿಗೆ ಹೋಗುವ ಸೇತುವೆ ಬರುತ್ತದೆ ಎಂದು ನಂಬಿದ್ದ. ದಾಟಿದ, ಸೇತುವೆ ಬರಲಿಲ್ಲ. ಇಪ್ಪತ್ತು ಲಕ್ಷಕ್ಕೆ ಬರುತ್ತದೆ ಅಂದ!

ಸಬ್‌ವೇ ಸರ್ಫರ್ಸ್ ಮೇಲಿನ ಪ್ರೀತಿ ಇದಕ್ಕಿಂತ ಗಾಢ. 2013ರ ಜನವರಿಯಿಂದ ಅದು ಊರೂರು ಸುತ್ತತೊಡಗಿತು. ಮೊದಲು ನ್ಯೂಯಾರ್ಕ್. ಕೆಲವು ವಾರಕ್ಕೊಮ್ಮೆ ಊರು ಬದಲು, ಆ ಊರಿನ ಬಣ್ಣ, ಆ ಊರಿನ ಒಂದು ಹೊಸ ಪಾತ್ರ. ಮುಂಬೈಗೂ ಬಂದಿತ್ತು. ನಮ್ಮ ಊರು ಯಾವಾಗ ಎಂದು ಕೇಳುವ ಅಭಿಮಾನಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಹುಬ್ಬಳ್ಳಿಯಲ್ಲಿ ಜಗತ್ತಿನಲ್ಲೇ ಉದ್ದವಾದ, 1507 ಮೀಟರಿನ ಪ್ಲಾಟ್‌ಫಾರ್ಮ್ ಇದೆ, ಅಲ್ಲಿ ಜೇಕ್ ಓಡಿದರೆ ಹೇಗಿರುತ್ತದೆ ಎಂದು ನನ್ನ ತಮ್ಮ ಕೇಳುತ್ತಾನೆ. 2018ರ ಮಾರ್ಚ್‌ನಲ್ಲಿ ಗೂಗಲ್ ಪ್ಲೇಯಲ್ಲಿ ನೂರು ಕೋಟಿ ಡೌನ್‌ಲೋಡ್ ದಾಟಿದ ಮೊದಲ ಆಟ ಇದೇ. ಇಷ್ಟು ಜನ ಆಡುವ ಆಟದ ಬಗ್ಗೆ ಒಂದು ಸುಳ್ಳು ಹೊರಟರೆ ಅದು ಎಷ್ಟು ಮನೆಗಳ ಮಂಚದವರೆಗೆ ತಲುಪಬಹುದು, ನೀವೇ ಯೋಚಿಸಿ.

ಹುಡುಕುವಾಗ ಸಿಕ್ಕ ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡಿತು. ಸಬ್‌ವೇ ಸರ್ಫಿಂಗ್ ಎಂಬ ಮಾತು ಈ ಆಟಕ್ಕಿಂತ ಹಳೆಯದು. ಓಡುವ ರೈಲಿನ ಹೊರಗೆ ಅಥವಾ ಚಾವಣಿಯ ಮೇಲೆ ನಿಂತು ಹೋಗುವುದಕ್ಕೆ ಹಾಗೆನ್ನುತ್ತಾರೆ. ನ್ಯೂಯಾರ್ಕ್‌ನಲ್ಲಿ ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು ಹೀಗೆ ಮಾಡಲು ಹೋಗಿ ನಿಜವಾಗಿ ಸತ್ತಿದ್ದಾರೆ. 2023ರಲ್ಲಿ ಅಲ್ಲಿನ ರೈಲು ಸಂಸ್ಥೆ ಇದರ ವಿರುದ್ಧ ಪ್ರಚಾರ ಶುರು ಮಾಡಿತು. ಸ್ಟೇಷನ್‌ಗಳಲ್ಲಿ ಎಚ್ಚರಿಕೆಯನ್ನು ವಿದ್ಯಾರ್ಥಿಗಳ ದನಿಯಲ್ಲೇ ಕೇಳಿಸಿದರು. ಅಲ್ಲಿನ ಅಧಿಕಾರಿಗಳು ಮುಖ್ಯವಾಗಿ ದೂರಿದ್ದು ಇಂಥ ಸಾಹಸವನ್ನು ತೋರಿಸುವ ವಿಡಿಯೊಗಳನ್ನು. ಆಟದ ಮೇಲೆ ತಪ್ಪು ಹೊರಿಸಲು ನಾನು ಇದನ್ನು ಬರೆಯುತ್ತಿಲ್ಲ. ಇಲ್ಲದ ಒಬ್ಬ ಹುಡುಗನಿಗಾಗಿ ನಾವೆಲ್ಲ ಅತ್ತೆವು, ಇದ್ದು ಹೋದ ಹುಡುಗರ ಬಗ್ಗೆ ನನ್ನ ತಮ್ಮನಿಗೆ ಯಾರೂ ವಿಡಿಯೊ ಕಳಿಸಲಿಲ್ಲ. ಅದಷ್ಟೇ ನನ್ನ ಮಾತು.

ದೂರದ ಊರಿನ ವಿಷಯ ಯಾಕೆ ಎನ್ನಬೇಡಿ. ನಮ್ಮ ಮನೆಯ ಹಿಂದೆಯೇ ಹಳಿ ಇದೆ. ಪಾದಚಾರಿ ಸೇತುವೆ ಏರಿ ಇಳಿದರೆ ಹತ್ತು ನಿಮಿಷ ಹೆಚ್ಚು. ಹಾಗಾಗಿ ಓಣಿಯವರೆಲ್ಲ ಹಳಿಯನ್ನೇ ದಾಟುತ್ತಾರೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ ಎಂದು ನನಗೆ ಈಗ ಗೊತ್ತು. ಪರೀಕ್ಷೆಗೆ ತಡವಾದ ದಿನ ನಾನೂ ದಾಟಿದ್ದೇನೆ, ಸ್ಕೂಲ್ ಬ್ಯಾಗ್ ಹಾಕಿಕೊಂಡ ತಮ್ಮನ ಕೈ ಹಿಡಿದುಕೊಂಡು. ಅವನು ಎಡ ಸಾಲು, ನಡು ಸಾಲು, ಬಲ ಸಾಲು ಎಂದು ಎಣಿಸುತ್ತಾ ಎಗರುತ್ತಿದ್ದ. ಆಗ ನನಗೆ ನಗು ಬಂದಿತ್ತು. ಈಗ ನೆನೆದರೆ ಎದೆ ಝಲ್ ಎನ್ನುತ್ತದೆ.

ಕಥೆ ಸುಳ್ಳು ಎಂದು ದಾದಿಗೆ ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಹೇಳಿದೆ. ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ಎಲೆ ಅಡಿಕೆ ಡಬ್ಬಿ ಮುಚ್ಚುತ್ತಾ, "ಮತ್ತೆ ನನ್ನ ದುಆ ಯಾರಿಗೆ ಹೋಯಿತು?" ಎಂದು ಕೇಳಿದರು. ನಾನು ನ್ಯೂಯಾರ್ಕ್‌ನ ಮಕ್ಕಳ ವಿಷಯ ಹೇಳಿದೆ. "ಹಾಗಾದರೆ ಅವರಿಗೆ ಸೇರಲಿ" ಅಂದರು. ಆಮೇಲೆ ತಮ್ಮನನ್ನು ಕರೆದು, ಇನ್ನು ಮುಂದೆ ಶಾಲೆಗೆ ಸೇತುವೆ ಮೇಲಿಂದಲೇ ಹೋಗಬೇಕು ಎಂದು ಆಣೆ ಹಾಕಿಸಿಕೊಳ್ಳಲು ನೋಡಿದರು. ಅವನು ಆಣೆ ಹಾಕಲಿಲ್ಲ, "ಆಪಾ ಬಂದರೆ ಹೋಗುತ್ತೇನೆ" ಅಂದ. ಹಾಗಾಗಿ ಈಗ ನಾನು ಹತ್ತು ನಿಮಿಷ ಮೊದಲೇ ಏಳಬೇಕಾಗಿದೆ.

ಶಾಲೆ ಶುರುವಾದ ಮೇಲೆ ತಮ್ಮ ತನ್ನ ಕ್ಲಾಸಿನಲ್ಲಿ ನಿಜವಾದ ಕಥೆ ಹೇಳಿದನಂತೆ. ಡೆನ್ಮಾರ್ಕ್, ಇಬ್ಬರು ವಿದ್ಯಾರ್ಥಿಗಳು, ಕಿರುಚಿತ್ರ, ಎಲ್ಲ. ಯಾರೂ ನಂಬಲಿಲ್ಲ. ಒಬ್ಬ ಹುಡುಗ ಮಾತ್ರ, "ಆ ಇಬ್ಬರಲ್ಲಿ ಯಾರ ಮಗ ಸತ್ತಿದ್ದು?" ಎಂದು ಕೇಳಿದನಂತೆ.