ಕಾರು ಚಾರ್ಜ್ ಆಗದಿದ್ದರೆ ಅಂಗಳದ ಮಣ್ಣನ್ನೂ ನೋಡಿ

ರಾತ್ರಿ ಪ್ಲಗ್ ಹಾಕಿ ಮಲಗಿದ್ದಾಯಿತು. ಬೆಳಿಗ್ಗೆ ನೋಡಿದರೆ ಬ್ಯಾಟರಿ ತುಂಬಿಲ್ಲ. ಚಾರ್ಜರಿನ ಮೇಲೆ ಕೆಂಪು ದೀಪ ಮಾತ್ರ. ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಹೀಗಾದರೆ ಮೊದಲು ಬೈಸಿಕೊಳ್ಳುವುದು ಕಾರು. ಆದರೆ ಅನೇಕ ವೇಳೆ ತಪ್ಪು ಕಾರಿನದಲ್ಲ; ಗೋಡೆಯ ಸಾಕೆಟ್ಟಿನದು, ಅದರ ಹಿಂದಿನ ತಂತಿಯದು, ಕೆಲವೊಮ್ಮೆ ಅಂಗಳದ ಮಣ್ಣಿನದು!

ಕನ್ನಡ ನಾಡಿಗೆ ವಿದ್ಯುತ್ ಕಾರು ಹೊಸದೇನಲ್ಲ. ಚೇತನ್ ಮೈನಿ ಅವರ ‘ರೇವಾ’ 2001ರಲ್ಲಿ ಬೆಂಗಳೂರಿನಲ್ಲೇ ಮಾರಾಟಕ್ಕೆ ಬಂದಿತು. ಅದರ ಸೀಸ-ಆಮ್ಲ ಬ್ಯಾಟರಿಗಳು ಮನೆಯ 15 ಆಂಪಿಯರ್ ಸಾಕೆಟ್ಟಿನಿಂದಲೇ ಚಾರ್ಜ್ ಆಗುತ್ತಿದ್ದವು. ಬ್ಯಾಟರಿ ಲಿಥಿಯಂಗೆ ಬದಲಾದರೂ ಸಾಕೆಟ್ಟಿನ ಮಹತ್ವ ಕಡಿಮೆಯಾಗಿಲ್ಲ.

ಮೊದಲ ಪ್ರಶ್ನೆ ಅರ್ಥಿಂಗ್‌ನದು. ಕರೆಂಟ್ ಬಿಡುವ ಮುನ್ನ ಚಾರ್ಜರು ಭೂಸಂಪರ್ಕ ಸರಿಯಿದೆಯೇ ಎಂದು ಪರೀಕ್ಷಿಸುತ್ತದೆ. ಇಲ್ಲವಾದರೆ ಕೆಲಸ ಮಾಡಲು ಒಪ್ಪುವುದಿಲ್ಲ. ಅದು ಕೆಟ್ಟಿದೆ ಎಂದಲ್ಲ, ಕಾವಲು ಕಾಯುತ್ತಿದೆ ಎಂದರ್ಥ. ನರಗುಂದ, ರೋಣದ ಎರೆಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಣಗಿದ ಮಣ್ಣು ಅರ್ಥಿಂಗ್ ಸಲಾಕೆಯನ್ನು ಬಿಟ್ಟು ದೂರ ಸರಿದರೆ ಸಂಪರ್ಕ ಕ್ಷೀಣಿಸುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕುವ ಹಳೆಯ ಪದ್ಧತಿಯ ಗುಟ್ಟು ಇದೇ.

ಇಲ್ಲೊಂದು ಅಪಾಯವಿದೆ. ‘ಕೆಂಪು ದೀಪ ಆರಿದರೆ ಸಾಕು’ ಎಂದು ಕೆಲವರು ಸಾಕೆಟ್ಟಿನ ನ್ಯೂಟ್ರಲ್ ತಂತಿಯನ್ನೇ ಅರ್ಥಿಂಗ್ ಪಿನ್ನಿಗೆ ಜೋಡಿಸಿಬಿಡುತ್ತಾರೆ. ಕಾರು ಚಾರ್ಜ್ ಆಗುತ್ತದೆ, ನಿಜ. ಆದರೆ ಎಲ್ಲಿಯಾದರೂ ನ್ಯೂಟ್ರಲ್ ಕಡಿದರೆ ಕಾರಿನ ಲೋಹದ ಮೈಗೇ ವಿದ್ಯುತ್ ಬರುತ್ತದೆ. ಬಾಗಿಲು ಮುಟ್ಟಿದ ಮಗುವಿನ ಜೀವಕ್ಕೇ ಕುತ್ತು. ಈ ಉಪಾಯವನ್ನು ಯಾರೇ ಹೇಳಿದರೂ ಒಪ್ಪಬಾರದು.

ಎರಡನೆಯದು ತಂತಿ. ಇಲ್ಲಿ ಹೈಸ್ಕೂಲಿನ ಓಮ್ ನಿಯಮ ನೆರವಿಗೆ ಬರುತ್ತದೆ. ಮೀಟರಿನಿಂದ ಕಾರಿನವರೆಗೆ 30 ಮೀಟರ್ ದೂರ, 1 ಚದರ ಮಿ.ಮೀ. ತಾಮ್ರದ ತಂತಿ ಎನ್ನಿ. ಹೋಗಿ ಬರುವ 60 ಮೀಟರಿಗೆ ರೋಧ ಸುಮಾರು 1 ಓಮ್. 15 ಆಂಪಿಯರ್ ಹರಿದರೆ 15 ವೋಲ್ಟ್ ದಾರಿಯಲ್ಲೇ ನಷ್ಟ. 225 ವಾಟ್ ಬರೀ ಶಾಖ. ಗಂಟೆಗಟ್ಟಲೆ ಹೀಗೆ ಕಾದರೆ ಸಾಕೆಟ್ ಕರಗೀತು. 4 ಚದರ ಮಿ.ಮೀ. ತಂತಿಯಾದರೆ ಈ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಮಡಚುವ ಎಕ್ಸ್‌ಟೆನ್ಷನ್ ಬೋರ್ಡು ಖಂಡಿತ ಬೇಡ.

ಮೂರನೆಯದು ವೋಲ್ಟೇಜು. ಸಂಜೆ ಎಲ್ಲರ ಮನೆಯಲ್ಲೂ ದೀಪ, ಟಿ.ವಿ., ಮಿಕ್ಸಿ ಓಡುವಾಗ ಲೈನಿನ ಕೊನೆಯ ಮನೆಗಳಿಗೆ 230 ವೋಲ್ಟ್ ಮುಟ್ಟದಿರಬಹುದು. ತೀರಾ ಇಳಿದರೆ ಚಾರ್ಜರು ನಿಲ್ಲುತ್ತದೆ. ತಡರಾತ್ರಿ ಪ್ಲಗ್ ಹಾಕಿದರೆ ಸರಿಹೋಗುವುದುಂಟು.

ಹೀಗಾಗಿ ಮೆಕ್ಯಾನಿಕ್ಕನ್ನು ಕರೆಯುವ ಮುನ್ನ ಒಂದು ಕ್ರಮ ಇಟ್ಟುಕೊಳ್ಳಬೇಕು. ಕಾರಿನಲ್ಲಿ ಚಾರ್ಜಿಂಗ್ ಹೊತ್ತು ತಡವಾಗಿ ನಿಗದಿಯಾಗಿದೆಯೇ? ಪ್ಲಗ್ ಪೂರ್ತಿ ಕುಳಿತಿದೆಯೇ? ಸಾಕೆಟ್ ಕಪ್ಪಾಗಿದೆಯೇ, ಸುಟ್ಟ ವಾಸನೆ ಇದೆಯೇ? ಇಷ್ಟನ್ನು ಮನೆಯವರು ನೋಡಬಹುದು. ಅರ್ಥಿಂಗ್ ರೋಧವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರೇ ಅಳೆಯಬೇಕು. ಬೇರೊಂದು ಸರಿಯಾದ ಜಾಗದಲ್ಲಿಯೂ ಅದೇ ಚಾರ್ಜರಿನಿಂದ ಚಾರ್ಜ್ ಆಗದಿದ್ದರೆ ಆಗ ಚಾರ್ಜರು ಅಥವಾ ಕಾರಿನ ಮೇಲೆ ಅನುಮಾನ ಪಡಬಹುದು.

ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ವಿದ್ಯುತ್ ಹುಟ್ಟಿಸುತ್ತಿವೆ. ಆ ಶಕ್ತಿ ಮನೆಯಂಗಳದ ಕಾರನ್ನು ಸುರಕ್ಷಿತವಾಗಿ ಮುಟ್ಟಬೇಕಾದರೆ ಕೊನೆಯ 30 ಮೀಟರಿನ ತಂತಿ, ಒಂದು ಗುಂಡಿಯ ಹಸಿ ಮಣ್ಣು ಎರಡೂ ಚೆನ್ನಾಗಿರಬೇಕು.