ಬಣ್ಣ ನೋಡಿ ಹೆಸರಿಡಬೇಡಿ

ಗಂಗಾವತಿಯ ಭತ್ತದ ಗದ್ದೆಯ ಬದುವಿನಲ್ಲಿ, ಕುಷ್ಟಗಿ, ಯಲಬುರ್ಗಾದ ಕೆರೆ ದಂಡೆಯಲ್ಲಿ ಸಣ್ಣ ಕಡ್ಡಿಯಂತೆ ಹಾರುವ ಹುಳವನ್ನು ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಅನ್ನುತ್ತಾರೆ. ಅದು ಡ್ಯಾಮ್ಸೆಲ್‌ಫ್ಲೈ. ಕುಟುಕುತ್ತದೆಂದು ಹೆದರುವವರೂ ಇದ್ದಾರೆ, ಆದರೆ ಅದಕ್ಕೆ ಕೊಂಡಿಯೇ ಇಲ್ಲ. ಗಂಡಿನ ಬಾಲದ ತುದಿಯಲ್ಲಿರುವುದು ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳುವ ಚಿಮಟ.

ಇದು ಡ್ರ್ಯಾಗನ್‌ಫ್ಲೈ ಮರಿ ಎಂಬ ಮಾತೂ ಸುಳ್ಳು. ರೆಕ್ಕೆ ಮೂಡಿದ ಮೇಲೆ ಈ ಕೀಟಗಳು ಬೆಳೆಯುವುದಿಲ್ಲ. ಡ್ರ್ಯಾಗನ್‌ಫ್ಲೈ ರೆಕ್ಕೆ ಚಾಚಿ ಕೂರುತ್ತದೆ, ಡ್ಯಾಮ್ಸೆಲ್‌ಫ್ಲೈ ಸಾಮಾನ್ಯವಾಗಿ ಬೆನ್ನ ಮೇಲೆ ಮಡಚಿಕೊಳ್ಳುತ್ತದೆ. ಆದರೆ ಲೆಸ್ಟಿಸ್ ಗುಂಪಿನವು ಅರೆಬಿಚ್ಚಿ ಕೂರುವುದರಿಂದ ಕಣ್ಣು ನೋಡುವುದೇ ವಾಸಿ: ಡ್ಯಾಮ್ಸೆಲ್‌ಫ್ಲೈಗೆ ಎರಡೂ ಕಣ್ಣು ತಲೆಯ ಎರಡು ಬದಿಗೆ ದೂರ ಸರಿದಿರುತ್ತವೆ.

ದೊಡ್ಡ ಎಡವಟ್ಟು ಆಗುವುದು ಬಣ್ಣದಲ್ಲಿ. ಕೆರೆಯಂಚಿನಲ್ಲಿ ಕಿತ್ತಳೆ ಬಣ್ಣದ್ದೊಂದು ಸಿಕ್ಕರೆ ‘ಅಪರೂಪದ ಜಾತಿ’ ಎಂದು ಸಂಭ್ರಮಿಸುವವರುಂಟು. ಅದು ಎಲ್ಲೆಡೆ ಸಿಗುವ ಇಸ್ಕ್ನೂರಾ ಸೆನೆಗಲೆನ್ಸಿಸ್‌ನ ಎಳೆಯ ಹೆಣ್ಣಾಗಿರಬಹುದು. ವಯಸ್ಸಾದಂತೆ ಅದೇ ಹುಳ ಹಸಿರುಮಿಶ್ರಿತ ಬಣ್ಣಕ್ಕೆ ತಿರುಗುತ್ತದೆ. ಕೆಲವು ಹೆಣ್ಣುಗಳಂತೂ ಗಂಡಿನ ಬಣ್ಣವನ್ನೇ ತೊಟ್ಟಿರುತ್ತವೆ! ಜಾತಿ ಗುರುತಿಸಲು ಗಂಡಿನ ಚಿಮಟದ ಆಕಾರ ಬೇಕು. ಕೀಟತಜ್ಞ ಎಫ್. ಸಿ. ಫ್ರೇಸರ್ ಈ ಕೀಟಗಳ ಕುರಿತು 1933ರಿಂದ 1936ರವರೆಗೆ ಹೊರತಂದ ಮೂರು ಸಂಪುಟಗಳೂ ಆ ವಿವರಕ್ಕೆ ಒತ್ತು ಕೊಡುತ್ತವೆ. ಫೋಟೊ ತೆಗೆಯುವುದಾದರೆ ಪಕ್ಕದಿಂದೊಂದು, ಬಾಲದ ತುದಿಯದೊಂದು ಇರಲಿ.

ನಿಜವಾಗಿ ಅಪರೂಪದ್ದು ಎಲ್ಲೆಂದರಲ್ಲಿ ಸಿಗುವುದಿಲ್ಲ. ಫಿಲ್ಲೋನ್ಯೂರಾ ವೆಸ್ಟರ್‌ಮನ್ನಿ ಎಂಬ ಡ್ಯಾಮ್ಸೆಲ್‌ಫ್ಲೈ ಪಶ್ಚಿಮ ಘಟ್ಟಕ್ಕೆ ಮಾತ್ರ ಸೇರಿದ್ದು. ರಾಮಪತ್ರೆ ಜಡ್ಡಿಗಳ, ಅಂದರೆ ಆ ಮರಗಳ ಜೌಗು ಕಾಡಿನ, ದಟ್ಟ ನೆರಳು, ಬತ್ತದ ನೀರು ಅದಕ್ಕೆ ಬೇಕು. ಜಡ್ಡಿಯನ್ನು ತೋಟ ಮಾಡಿದರೆ ಅದರ ನೆಲೆಯೇ ಹೋಯಿತು. ಬಿಸಿಲಿನ ಕೊಪ್ಪಳದಲ್ಲಿ ಅದನ್ನು ಹುಡುಕಿ ಫಲವಿಲ್ಲ.

ಹಾಗೆಂದು ಇಲ್ಲಿನ ಕೆರೆಗಳಿಗೆ ಕಾಳಜಿ ಬೇಡವೆಂದಲ್ಲ. ‘ಹೂಳೆತ್ತಿ, ಸುತ್ತ ಕಲ್ಲು ಕಟ್ಟಿದರೆ ಕೆರೆ ಉಳಿಯಿತು’ ಎಂಬ ಲೆಕ್ಕ ನೀರಿನ ಮಟ್ಟಿಗೆ ಸರಿ, ಹುಳದ ಮಟ್ಟಿಗೆ ತಪ್ಪು. ಹೆಣ್ಣು ಡ್ಯಾಮ್ಸೆಲ್‌ಫ್ಲೈ ನೀರಿನ ಗಿಡದ ದಂಟನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಜೊಂಡು ಪೂರ್ತಿ ಕಿತ್ತರೆ ಮೊಟ್ಟೆಗೂ ಜಾಗವಿಲ್ಲ, ಮರಿಗೂ ಮರೆಯಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದರೂ ಎಲ್ಲವೂ ಸಾಯುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಕೆಲವು ಜಾತಿಯ ಮರಿಗಳು ವಾರಗಳಲ್ಲೇ ರೆಕ್ಕೆ ಪಡೆದು ಹೊರಟಿರುತ್ತವೆ. ಸೊಳ್ಳೆ ಕಾಟಕ್ಕೆ ಗಂಬೂಸಿಯಾ ಮೀನು ಬಿಡುವುದೇ ಮದ್ದು ಎನ್ನುವವರಿಗೆ ಇನ್ನೊಂದು ಮಾತು: ಆ ಮೀನು ಸೊಳ್ಳೆಮರಿ ತಿನ್ನುವ ಡ್ಯಾಮ್ಸೆಲ್‌ಫ್ಲೈ ಮರಿಗಳನ್ನೂ ಬಿಡುವುದಿಲ್ಲ.