ನೀರಿನ ದಾರಿ ತೋರುವ ನಕ್ಷೆ

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಎಷ್ಟೋ ಬಡಾವಣೆಗಳು ನೀರಿನಲ್ಲಿ ಮುಳುಗಿದ್ದವು. ಜನರನ್ನು ಟ್ರ್ಯಾಕ್ಟರ್, ದೋಣಿಗಳಲ್ಲಿ ಹೊರತರಬೇಕಾಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಊರ ನಡುವೆ ದೊಡ್ಡ ನದಿಯೂ ಇಲ್ಲ. ಆದರೂ ಪ್ರವಾಹ ಬಂತು. ಹರಿಯುವ ನೀರಿಗೆ ಊರು ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯವಲ್ಲ, ಪಕ್ಕದ ಜಾಗ ಎಷ್ಟು ತಗ್ಗಿನಲ್ಲಿದೆ ಎಂಬುದೇ ಮುಖ್ಯ. ಈ ಏರುತಗ್ಗನ್ನು ಮನೆಯಲ್ಲೇ ಕುಳಿತು ಅಳೆಯುವ ಸಾಧನ ಈಗ ನಮಗಿದೆ.

ಅದು ಎತ್ತರದ ಡಿಜಿಟಲ್ ನಕ್ಷೆ. ನೆಲವನ್ನೆಲ್ಲ ಚದುರಂಗದ ಹಾಸಿನ ಹಾಗೆ ಮನೆಗಳಾಗಿ ವಿಂಗಡಿಸಿ, ಒಂದೊಂದು ಮನೆಗೂ ಅಲ್ಲಿನ ಎತ್ತರವನ್ನು ಬರೆದಿಟ್ಟರೆ ಈ ನಕ್ಷೆಯಾಗುತ್ತದೆ. 2000ದ ಫೆಬ್ರುವರಿಯಲ್ಲಿ ನಾಸಾದ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತುತ್ತ ಇಂಥ ಮಾಹಿತಿ ಸಂಗ್ರಹಿಸಿತು. ನೌಕೆಯಲ್ಲೊಂದು, 60 ಮೀಟರ್ ಉದ್ದದ ತೋಳಿನ ತುದಿಯಲ್ಲೊಂದು ರೇಡಾರ್ ಆಂಟೆನಾ ಇತ್ತು. ನೆಲಕ್ಕೆ ಬಡಿದು ಮರಳುವ ಅಲೆ ಇವೆರಡನ್ನೂ ತಲುಪುವಾಗ ಉಂಟಾಗುವ ಸೂಕ್ಷ್ಮ ಅಂತರದಿಂದ ಎತ್ತರವನ್ನು ಲೆಕ್ಕ ಹಾಕಿದರು. 2005ರಲ್ಲಿ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-1 ಉಪಗ್ರಹ ಬೇರೆ ದಾರಿ ಹಿಡಿಯಿತು. ಅದರ ಎರಡು ಕ್ಯಾಮೆರಾಗಳು ಒಂದೇ ಜಾಗವನ್ನು ಎರಡು ಕೋನಗಳಿಂದ ಚಿತ್ರಿಸಿದವು. ಅದರಿಂದ ತಯಾರಾದ ಎತ್ತರದ ಮಾಹಿತಿ ಇಸ್ರೋದ ಭುವನ್ ತಾಣದಲ್ಲಿ ಸಿಗುತ್ತದೆ.

ಮುಂದಿನದು ಕಂಪ್ಯೂಟರಿನ ಕೆಲಸ. ಪ್ರತಿ ಮನೆಯೂ ಸುತ್ತಲಿನ ಎಂಟು ಮನೆಗಳ ಪೈಕಿ ಯಾವುದರ ಕಡೆಗೆ ಹೆಚ್ಚು ಇಳಿಜಾರಾಗಿದೆ ಎಂದು ನೋಡಿ, ನೀರನ್ನು ಅತ್ತ ಕಳಿಸುತ್ತದೆ. ಆಮೇಲೆ ಒಂದೊಂದು ಮನೆಗೂ ಮೇಲಿನಿಂದ ಎಷ್ಟು ಮನೆಗಳ ನೀರು ಬಂದು ಸೇರುತ್ತದೆ ಎಂದು ಎಣಿಸುತ್ತದೆ. ಲೆಕ್ಕ ಹೆಚ್ಚಿದಲ್ಲೆಲ್ಲ ಗೆರೆಗಳು ಮೂಡುತ್ತವೆ. ಅವೇ ಹಳ್ಳ, ಕಾಲುವೆಗಳ ಸಹಜ ಜಾಡು. ಬೆಂಗಳೂರಿನ ನೆತ್ತಿಯ ದಿಣ್ಣೆಯಿಂದ ಪಶ್ಚಿಮಕ್ಕೆ ವೃಷಭಾವತಿ ಕಣಿವೆಯೂ, ಪೂರ್ವಕ್ಕೆ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಯ ಕಡೆಗೆ ಹರಿವೂ ಇದೇ ರೀತಿ ನಕ್ಷೆಯಲ್ಲಿ ಕಾಣುತ್ತವೆ. ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಸಾಧಾರಣ ಲ್ಯಾಪ್‌ಟಾಪೇ ಈ ಲೆಕ್ಕವನ್ನು ಮಾಡಿಬಿಡುತ್ತದೆ.

ಒಂದು ಎಚ್ಚರ ಬೇಕು. ಸುತ್ತಲೂ ಎತ್ತರವಿರುವ ತಗ್ಗಿಗೆ ನೀರು ಬಂದರೆ ಲೆಕ್ಕ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ತಂತ್ರಾಂಶ ಮೊದಲು ತಗ್ಗುಗಳನ್ನೆಲ್ಲ ಲೆಕ್ಕದಲ್ಲೇ ತುಂಬಿ ಸಮ ಮಾಡುತ್ತದೆ. ಆದರೆ ಪ್ರವಾಹ ಹುಡುಕುವವರಿಗೆ ಬೇಕಿರುವುದು ಆ ತಗ್ಗುಗಳೇ! ತುಂಬಿದ ನಕ್ಷೆಯಿಂದ ಮೂಲ ನಕ್ಷೆಯನ್ನು ಕಳೆದರೆ ಎಲ್ಲಿ ಎಷ್ಟು ಆಳ ನೀರು ನಿಲ್ಲಬಹುದು ಎಂಬ ಅಂದಾಜು ಸಿಗುತ್ತದೆ. ಕೆಲವು ಕಡೆ ಆ ಜಾಗ ಕೆರೆಯಂಗಳವಾಗಿರುತ್ತದೆ, ಕೆಲವು ಕಡೆ ಕೆರೆಯಂಗಳದ ಮೇಲೆ ಎದ್ದ ಬಡಾವಣೆ.

ನೀರಿನ ಪ್ರಮಾಣವೂ ಸಣ್ಣದಲ್ಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಚದರ ಕಿಲೋಮೀಟರಿಗೆ 100 ಮಿಲಿಮೀಟರ್ ಸುರಿದರೆ 10 ಕೋಟಿ ಲೀಟರ್. ಮಣ್ಣಿನ ನೆಲ ಅದರಲ್ಲಿ ಒಂದಿಷ್ಟನ್ನಾದರೂ ಹೀರಿಕೊಳ್ಳುತ್ತದೆ. ಕಾಂಕ್ರೀಟ್, ಡಾಂಬರು ಬಹುಪಾಲನ್ನು ಕೂಡಲೇ ಕೆಳಕ್ಕೆ ನೂಕುತ್ತವೆ.

ಈ ನಕ್ಷೆಯ ಕಣ್ಣಿಗೂ ಬೀಳದ್ದಿದೆ. ಉಚಿತವಾಗಿ ಸಿಗುವ ಮಾಹಿತಿಯಲ್ಲಿ ಒಂದು ಮನೆಯ ಅಗಲ ಸುಮಾರು 30 ಮೀಟರ್. ಅದಕ್ಕಿಂತ ಕಿರಿದಾದ ರಾಜಕಾಲುವೆ, ರಸ್ತೆಯಡಿಯ ಮೋರಿ, ಹೊಸದಾಗಿ ಕಟ್ಟಿದ ಕಾಂಪೌಂಡ್ ಗೋಡೆ ಅದರಲ್ಲಿ ಮೂಡುವುದಿಲ್ಲ. ರೇಡಾರ್ ಎಷ್ಟೋ ಕಡೆ ಕಟ್ಟಡಗಳ ತಾರಸಿಯನ್ನೋ ಮರಗಳ ನೆತ್ತಿಯನ್ನೋ ನೆಲವೆಂದೇ ಅಳೆದಿರುತ್ತದೆ. ಎತ್ತರದಲ್ಲಿ ಕೆಲವು ಮೀಟರ್‌ಗಳ ತಪ್ಪೂ ಇರಬಹುದು. ಹೀಗಾಗಿ ಅದು ಇಡೀ ಕಣಿವೆಯ ಬಗ್ಗೆ ಸರಿಯಾಗಿ ಹೇಳೀತು, ನಿಮ್ಮ ಗೇಟಿನ ಬಗ್ಗೆ ಹೇಳಲಾರದು.

ಆ ಕೊರತೆಯನ್ನು ತುಂಬಲು ಹಳೆಯ ಗ್ರಾಮ ನಕಾಶೆ ಬೇಕು. ಕೆರೆ, ಹಳ್ಳ, ಕಾಲುವೆಗಳ ಗಡಿ ಅದರಲ್ಲಿದೆ. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರನ್ನು ಮೊಬೈಲಿನಲ್ಲೇ ತೋರಿಸುತ್ತದೆ. ಆ ನಂಬರ್ ಹಿಡಿದು ಗ್ರಾಮ ನಕಾಶೆಯಲ್ಲಿ ಕಾಲುವೆ ಎಲ್ಲಿದೆ ನೋಡಿ, ಅದನ್ನು ಎತ್ತರದ ನಕ್ಷೆಯ ಗೆರೆಗಳೊಂದಿಗೆ ಹೋಲಿಸಬೇಕು. ಎರಡೂ ಒಂದೇ ಜಾಗವನ್ನು ತೋರಿಸಿ, ಅಲ್ಲಿ ಈಗ ಕಟ್ಟಡವಿದ್ದರೆ ಅಪಾಯ ಖಚಿತ. ಕೆರೆಯ ಕೋಡಿ ಬಿದ್ದಾಗ ನೀರು ಯಾವ ಕಡೆ ಹೋಗುತ್ತಿತ್ತು ಎಂದು ಊರಿನ ಹಿರಿಯರನ್ನು ಕೇಳಿದರೆ ಮೂರನೆಯ ಸಾಕ್ಷಿಯೂ ಸಿಕ್ಕೀತು.

ಸೈಟು ಕೊಳ್ಳುವ ಮುಂಚೆ ನಾವು ಪತ್ರಗಳನ್ನು ವಕೀಲರಿಗೆ ತೋರಿಸುತ್ತೇವೆ, ವಾಸ್ತು ಕೇಳುತ್ತೇವೆ. ನೀರಿನ ದಾರಿಯನ್ನೂ ಒಮ್ಮೆ ನೋಡಿ. ಕಾಲೇಜುಗಳ ಭೂಗೋಳ, ಸಿವಿಲ್ ವಿಭಾಗದ ವಿದ್ಯಾರ್ಥಿಗಳು ತಮ್ಮ ವಾರ್ಡಿನ ನಕ್ಷೆಯನ್ನು ತಾವೇ ತಯಾರಿಸಿ ವಾರ್ಡ್ ಸಭೆಯ ಮುಂದಿಡಲಿ. ಬಡಾವಣೆಗೆ ಅನುಮತಿ ಕೊಡುವವರು ಆ ನಕ್ಷೆಯನ್ನು ನೋಡದೆ ಸಹಿ ಹಾಕಬಾರದು.